ಮೆಂಬರ ತಲೆ ಮೇಲಿದ್ದ ನಮ್ಮ ಮನೆ ಗುರುತು

ಆ ಫೋಟೋ ಕಣ್ಣಿಗೆ ಬಿದ್ದಾಗಲೆಲ್ಲ ಇವತ್ತಿಗೂ ನನಗೆ ಮೈ ಉರಿಯುತ್ತದೆ. ವಯಸ್ಸಾಯಿತು, ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳುತ್ತಾರೆ. ಡಾಕ್ಟರಿಗೇನು, ಆ ಫೋಟೋದಲ್ಲಿರುವ ಟೋಪಿಯನ್ನು ಅವರು ಹೊಲಿದಿಲ್ಲ. ಹೊಲಿದವಳು ನಾನು.

ಮಂಡ್ಯದವರು ಬಹಳ ಜನ ಅದನ್ನು ನೋಡಿರುತ್ತೀರಿ. ನಲವತ್ತೇಳರ ಗಲಾಟೆಯ ಮಾತು ಬಂದಾಗ ಯಾವುದಾದರೊಂದು ಪತ್ರಿಕೆಯವರು ಅದನ್ನೇ ಹುಡುಕಿ ತೆಗೆದು ಅಚ್ಚು ಹಾಕುತ್ತಾರೆ. ತಾಲ್ಲೂಕು ಕಚೇರಿಯ ಮುಂದೆ ಕಿಕ್ಕಿರಿದ ಜನ, ಹಿಂದೆ ಲಾಠಿ ಹಿಡಿದ ಪೊಲೀಸರ ಸಾಲು, ನಡುವೆ ಒಬ್ಬ ದಪ್ಪ ಮನುಷ್ಯ ಬಲಗೈ ಎತ್ತಿ, ಬಾಯಿ ತೆರೆದು ಏನೋ ಕೂಗುತ್ತಿದ್ದಾನೆ. ತಲೆಯ ಮೇಲೆ ಬಿಳಿ ಖಾದಿ ಟೋಪಿ. ಕೆಳಗೆ ಜನನಾಯಕ, ಧೀರ, ಇನ್ನೂ ಏನೇನೋ ಬರೆದಿರುತ್ತಾರೆ. ಆ ಬಾಯಿ ಏನನ್ನು ಕೂಗುತ್ತಿತ್ತು ಅಂತ ನನಗೆ ಗೊತ್ತು, ನಾನು ಹತ್ತು ಮಾರು ದೂರದಲ್ಲಿದ್ದೆ. "ಬೇಗ ತೆಗೆಯಯ್ಯಾ, ಪೊಲೀಸ್ನೋರು ಬತ್ತಾವ್ರೆ" ಎಂದು ಫೋಟೋದವನಿಗೆ ಹೇಳುತ್ತಿತ್ತು.

ನಮ್ಮದು ಪೇಟೆ ಬೀದಿಯ ಹಿಂದಿನ ಓಣಿಯಲ್ಲಿ ಚಿಕ್ಕ ನಾಡಹೆಂಚಿನ ಮನೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ, ಅಣ್ಣ, ನಾನು. ನನ್ನನ್ನು ಆತಗೂರಿಗೆ ಕೊಟ್ಟಿದ್ದರು. ಅತ್ತೆ ಒಂದು ಮಾತು ಅಂದಳು, ನಾನು ಎರಡು ಅಂದೆ, ಅವಳು ಮೂರನೆಯದು ಅನ್ನುವಷ್ಟರಲ್ಲಿ ಸೀರೆ ಗಂಟು ಕಟ್ಟಿಕೊಂಡು ತವರಿಗೆ ಬಂದುಬಿಟ್ಟೆ. ಆ ಕಥೆ ಇಲ್ಲಿ ಬೇಡ. ನನ್ನ ಬಾಯಿ ಎಂಥದು ಎಂದು ಮೊದಲೇ ತಿಳಿದಿರಲಿ ಅಂತ ಹೇಳಿದೆ.

ಅಣ್ಣ ಹಾಗಲ್ಲ. ಸಾಹೇಬರೊಬ್ಬರ ಮೋಟಾರು ಷೆಡ್ಡಿನಲ್ಲಿ ಮೆಕ್ಯಾನಿಕ್ಕಾಗಿದ್ದ. ಬಸ್ಸಿನ ಇಂಜಿನ್ನನ್ನು ಬಿಚ್ಚಿ ಹರಡಿ ಮತ್ತೆ ಕೂಡಿಸುವಷ್ಟು ಕೈ ಚುರುಕು, ಬಾಯಿ ಮಾತ್ರ ಇಲ್ಲ. ಊರ ದೊಡ್ಡವರು ಎದುರಿಗೆ ಬಂದರೆ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಪಕ್ಕಕ್ಕೆ ಸರಿಯುವ ಪೈಕಿ. ಅವನನ್ನು ಹಾಳು ಮಾಡಿದ್ದು ಆ ಮರ್ಯಾದೆಯೇ. ಮಳವಳ್ಳಿಯ ಒಂದು ಮನೆಯ ಹೆಣ್ಣಿನ ಜೊತೆ ಅವನಿಗೆ ವೀಳ್ಯಶಾಸ್ತ್ರ ಆಗಿತ್ತು. ಆ ಹುಡುಗಿಯ ಮಾತು ಎತ್ತಿದರೆ ಸಾಕು, ಕಿವಿ ಕೆಂಪಗೆ ಮಾಡಿಕೊಂಡು ಎದ್ದುಹೋಗುತ್ತಿದ್ದ.

ಆ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಮೈಸೂರು ಸೀಮೆಗೆ ಬಂದಿರಲಿಲ್ಲ. ಮಹಾರಾಜರು ಬೇಕಾದರೆ ಇರಲಿ, ಆಡಳಿತವನ್ನು ಜನರ ಕೈಗೆ ಕೊಡಿ ಎಂದು ಊರೂರಲ್ಲೂ ಮೆರವಣಿಗೆ ಶುರುವಾಯಿತು. ಅಣ್ಣನೂ ಸ್ವಯಂಸೇವಕರ ಪಟ್ಟಿಗೆ ಸೇರಿಕೊಂಡು ಒಂದು ತುಂಡು ಖಾದಿ ತಂದು ನನ್ನ ಮುಂದೆ ಹಿಡಿದ. "ಒಂದು ಟೋಪಿ ಒಲ್ಕೊಡವ್ವಾ, ಎಲ್ರೂ ಆಕೊಂಡು ಬತ್ತಾವ್ರೆ" ಅಂದ. ಒಂದೇ ಮಧ್ಯಾಹ್ನದಲ್ಲಿ ಕೈಯಲ್ಲೇ ಹೊಲಿದೆ. ಒರಟು ಖಾದಿ ಚುಚ್ಚಿ ಚುಚ್ಚಿ ಬೆರಳ ತುದಿ ಬೊಕ್ಕೆ ಎದ್ದಿತು.

ಮೊದಲ ಸಲ ಒಗೆಯಲು ಹಾಕಿದಾಗ ನಮ್ಮ ಮಡಿವಾಳದಕ್ಕ ಅದಕ್ಕೆ ಗುರುತು ಹಾಕಿದಳು. ಈಗಿನವರಿಗೆ ಅದೇನೆಂದು ಗೊತ್ತಿಲ್ಲ, ಹೇಳುತ್ತೇನೆ. ಊರಿನ ಹತ್ತಾರು ಮನೆಯ ಬಟ್ಟೆ ಒಂದೇ ಕೆರೆಯಲ್ಲಿ, ಒಂದೇ ಕಲ್ಲಿನ ಮೇಲೆ ಒಗೆಯುವಾಗ ಯಾರದು ಯಾವುದೆಂದು ತಿಳಿಯಬೇಕಲ್ಲ? ಅದಕ್ಕೆ ಕರಿಗೇರುಕಾಯಿಯ ಕಪ್ಪು ರಸದಲ್ಲಿ ಕಡ್ಡಿ ಅದ್ದಿ, ಬಟ್ಟೆಯ ಒಳಮಗ್ಗುಲಲ್ಲಿ ಮನೆಗೊಂದು ಗುರುತು ಹಾಕುತ್ತಿದ್ದರು. ನಮ್ಮ ಮನೆಗೆ ಮೂರು ಚುಕ್ಕೆ, ಕೆಳಗೆ ಒಂದು ಗೀಟು. ಕೊಳೆ ತೆಗೆಯುವ ಚೌಳು ಮಣ್ಣಿನಲ್ಲಿ ಕುದಿಸಿದರೂ ಅದು ಹೋಗದು, ಬಟ್ಟೆ ಹರಿದು ಚಿಂದಿಯಾದರೂ ಹೋಗದು. ಮಡಿವಾಳದಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಊರಿನ ಯಾವ ಬಟ್ಟೆಯನ್ನು ಕೊಟ್ಟರೂ ತಿರುವಿ ನೋಡಿ ಯಾವ ಮನೆಯದೆಂದು ಹೇಳುತ್ತಿದ್ದಳು. ಒಂದು ದಿನಕ್ಕೂ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಕೊಟ್ಟವಳಲ್ಲ.

ಇನ್ನು ಆ ಫೋಟೋದ ಮನುಷ್ಯ. ಪುರಸಭೆಗೆ ಆರಿಸಿ ಬಂದಿದ್ದ, ಎಲ್ಲರೂ ಮೆಂಬರು ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ, ಹೆಸರು ಹೇಳಿ ನನ್ನ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ದಸರಾ ದರ್ಬಾರಿಗೆ ಕರೆ ಬರುವ ಮನೆ. ಮನೆಯಿಂದ ಹೊರಗೆ ಕಾಲಿಟ್ಟರೆ ಜರಿಪೇಟ ಇಲ್ಲದೆ ಇಡುತ್ತಿರಲಿಲ್ಲ. ಚಳುವಳಿ ಶುರುವಾದ ಹೊಸತರಲ್ಲಿ "ಈ ಚಿಳ್ಳೆಪಿಳ್ಳೆಗಳಿಗೆ ರಾಜ್ಯ ಆಳೋದು ಬೇರೆ ಕೇಡು" ಎಂದು ಜಗಲಿಯ ಮೇಲೆ ಕೂತು ಎಲೆಅಡಿಕೆ ಉಗಿಯುತ್ತಿದ್ದ. ಅದನ್ನು ನಾನೇ ಕೇಳಿದ್ದೇನೆ.

ಸೆಪ್ಟೆಂಬರಿನ ಆ ದಿನ ಮದ್ದೂರಿನಿಂದ, ಮಳವಳ್ಳಿಯಿಂದ, ಸುತ್ತಲ ಹಳ್ಳಿಗಳಿಂದ ಜನ ಬಂದು ತಾಲ್ಲೂಕು ಕಚೇರಿಯ ಮುಂದೆ ಕೂತಿದ್ದರು. ಹೆಂಗಸರು ಪಕ್ಕದ ಛತ್ರದ ಜಗಲಿಯ ಮೇಲೆ ನಿಂತಿದ್ದೆವು. ಅಣ್ಣ ಜನಕ್ಕೆ ನೀರು ಕೊಡುತ್ತ ಓಡಾಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಪತ್ರಿಕೆಯ ಫೋಟೋದವನು ಬಂದಿದ್ದಾನೆ ಎಂಬ ಸುದ್ದಿ ಹರಡಿತು. ಸುದ್ದಿ ಹರಡಿದ ಸ್ವಲ್ಪ ಹೊತ್ತಿಗೇ ಮೆಂಬರ ಜಟಕಾ ಬಂತು. ಇಷ್ಟು ದಿನ ಎಲ್ಲಿದ್ದನೋ!

ಪೇಟ ಕಂಡರೆ ಅರಮನೆ ಕಡೆಯವನೆಂದು ಜನ ಹೋ ಎಂದು ಕೂಗುತ್ತಿದ್ದ ದಿನಗಳು ಅವು. ಜಟಕಾದಿಂದ ಇಳಿಯುವ ಮೊದಲು ಅವನು ಪೇಟ ತೆಗೆದು ಆಳಿನ ಕೈಗೆ ಕೊಟ್ಟ, ಆಳು ಅದನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡ. ಮೆಂಬರು ಬರಿದಲೆಯಲ್ಲಿ ಮುಂದಕ್ಕೆ ಬಂದು ಫೋಟೋದವನ ಎದುರಿಗೆ ನಿಂತ. ಜನರಲ್ಲಿ ಯಾರೋ ಮುದುಕರು, "ಏನ್ ಬುದ್ಧೀ, ಬರಿದಲೇಲಿ ನಿಂತಿದ್ದೀರಿ, ಸಾವಿನ್ ಮನೇಲಿ ನಿಂತಂಗೆ" ಅಂದರು. ಮೆಂಬರು ತಲೆ ಮುಟ್ಟಿ ನೋಡಿಕೊಂಡ. ಅವನ ಮುಖ ಸಣ್ಣದಾಯಿತು.

ಪಕ್ಕದಲ್ಲಿ ನೀರಿನ ಚೊಂಬು ಹಿಡಿದುಕೊಂಡು ನಿಂತಿದ್ದವನು ನನ್ನ ಅಣ್ಣ. ದೊಡ್ಡವರು ಬರಿದಲೆಯಲ್ಲಿ ನಿಂತಿರುವಾಗ ತಾನು ಟೋಪಿ ಹಾಕಿಕೊಂಡಿರುವುದೇ ತಪ್ಪು ಅನ್ನಿಸಿರಬೇಕು ಅವನಿಗೆ. ಚೊಂಬು ಕೆಳಗಿಟ್ಟು, ಟೋಪಿ ತೆಗೆದು, ಎರಡೂ ಕೈಯಲ್ಲಿ ಹಿಡಿದು, "ತಕಳಿ ಬುದ್ಧೀ" ಎಂದು ನೀಡಿದ. ಜಗಲಿಯ ಮೇಲಿನಿಂದ ನಾನು "ಕೊಡಬ್ಯಾಡ ಕಣೋ" ಎಂದು ಕೂಗಿದೆ. ಆ ಗದ್ದಲದಲ್ಲಿ ಹೆಂಗಸಿನ ಕೂಗಿಗೆ ಕಿವಿ ಕೊಡುವವರು ಯಾರು?

ಮೆಂಬರು ಟೋಪಿಯ ಒಳಗೆ ನೋಡಿದ. ಬಿಸಿಲಲ್ಲಿ ಓಡಾಡಿದ ಅಣ್ಣನ ಬೆವರು, ಷೆಡ್ಡಿನ ಎಣ್ಣೆ ಕಮಟು. ಮೂಗು ಮುರಿದ. ಆಮೇಲೆ ಏನು ಮಾಡಿದ ಗೊತ್ತೇ? ಕೈ ತೂರಿಸಿ ಟೋಪಿಯನ್ನು ತಿರುವಿದ. ಬೆವರಿನ ಕಡೆ ಹೊರಗೆ, ಒಣಗಿದ ಕಡೆ ತನ್ನ ತಲೆಗೆ. ಹಾಗೆ ಒಳಮಗ್ಗುಲಾಗಿಯೇ ಹಾಕಿಕೊಂಡು ಕೈ ಎತ್ತಿದ. ಫಳ್ ಎಂದು ಬೆಳಕು ಹಾರಿತು, ಫೋಟೋ ಆಯಿತು. ನಾನು ಹೊಲಿದ ಟೋಪಿಯ ಹೊಲಿಗೆಯೆಲ್ಲ ಹೊರಕ್ಕೆ ಕಾಣುತ್ತಿತ್ತು. ಬೆವರಿಗೆ ಅಸಹ್ಯಪಟ್ಟವನು ಟೋಪಿಗೆ ನಾಚಿಕೊಳ್ಳಲಿಲ್ಲ.

ಫೋಟೋ ಆದ ಮೇಲೆ ಅವನು ಅಲ್ಲಿ ಎಷ್ಟು ಹೊತ್ತು ಇದ್ದ ಅಂತೀರಿ? ಜಟಕಾ ಹತ್ತುವಷ್ಟು ಹೊತ್ತು. ಟೋಪಿ ಅವನ ತಲೆಯ ಮೇಲೇ ಹೋಯಿತು. ಅಣ್ಣ ಕೇಳುವುದಕ್ಕೆ ನಾಚಿಕೊಂಡು ಹಿಂದೆ ನಾಲ್ಕು ಹೆಜ್ಜೆ ಹೋಗಿ ಹಾಗೇ ನಿಂತುಬಿಟ್ಟ. ಅಷ್ಟರಲ್ಲಿ ಸೀಟಿ ಊದಿದರು, ಲಾಠಿ ಶುರುವಾಯಿತು.

ಅದೇ ಗಲಾಟೆಯಲ್ಲಿ ಪೇಟೆಯ ಆ ತುದಿಯಲ್ಲಿ ಯಾರೋ ರೇಷನ್ ಡಿಪೋದ ಬಾಗಿಲು ಒಡೆದು ಅಕ್ಕಿ ಹೊತ್ತುಕೊಂಡು ಹೋಗಿದ್ದರು. ಪೊಲೀಸರು ಕೈಗೆ ಸಿಕ್ಕವರನ್ನೆಲ್ಲ ಹಿಡಿದು ಸ್ಟೇಷನ್ ಅಂಗಳಕ್ಕೆ ತಂದು ತುಂಬಿದರು. ಅಲ್ಲಿ ಒಬ್ಬ ದಫೇದಾರ ನಿಂತುಕೊಂಡು ಜನರನ್ನು ಪಾಲು ಮಾಡಿದ. "ಟೋಪಿಯೋರೆಲ್ಲ ಈ ಕಡೆ. ಬರಿದಲೆಯೋರೆಲ್ಲ ಆ ಕಡೆ." ಅಷ್ಟೇ ಅವನ ವಿಚಾರಣೆ. ಟೋಪಿ ಇದ್ದವರು ಚಳುವಳಿಯವರು, ಬರಿದಲೆಯವರು ಡಿಪೋ ಒಡೆದ ಕಳ್ಳರು.

"ಸ್ವಾಮಿ, ನಂದೂ ಟೋಪಿ ಇತ್ತು" ಅಂದನಂತೆ ಅಣ್ಣ.

"ಇತ್ತಾ? ಎಲ್ಲೈತೆ ತೋರ್ಸು."

ಮೆಂಬರಿಗೆ ಕೊಟ್ಟೆ ಅಂತ ಯಾಕೆ ಹೇಳಲಿಲ್ಲ ಎಂದು ಆಮೇಲೆ ಜೈಲಿನಲ್ಲಿ ನೋಡಲು ಹೋದಾಗ ಬೈದೆ. "ದೊಡ್ಡೋರ ಎಸರ ಪೊಲೀಸ್ ಸ್ಟೇಸನ್ನಲ್ಲಿ ಎಂಗವ್ವಾ ತೆಗೆಯೋದು" ಅಂದ. ತಲೆ ತಲೆ ಚಚ್ಚಿಕೊಂಡೆ. ಸಾಲದ್ದಕ್ಕೆ ಅವನ ಟವೆಲಿನ ತುದಿಯಲ್ಲಿ ಅವ್ವ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಅವಲಕ್ಕಿ ಸಿಕ್ಕಿತ್ತು. ಅದನ್ನು ಡಿಪೋದ ಮಾಲು ಎಂದು ಬರೆದುಕೊಂಡರು. ಅಲ್ಲಯ್ಯಾ, ಡಿಪೋದಲ್ಲಿ ಯಾವತ್ತು ಅವಲಕ್ಕಿ ಕೊಟ್ಟಿದ್ದರು? ಷೆಡ್ಡಿನ ಸಾಹೇಬರು ಕೋರ್ಟಿಗೆ ಬಂದು ನನ್ನ ಹುಡುಗ ಕಳ್ಳನಲ್ಲ ಎಂದು ಕೈಮುಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ತಿಂಗಳ ಕಠಿಣ ಸಜೆ ಅಂದರು. ಆ ಅವಲಕ್ಕಿ ಕಟ್ಟಿದ ತನ್ನ ಕೈಯನ್ನು ಅವ್ವ ಸಾಯುವವರೆಗೂ ಶಪಿಸಿಕೊಂಡಳು.

ಮಾರನೆಯ ವಾರ ಪತ್ರಿಕೆಯಲ್ಲಿ ಫೋಟೋ ಬಂತು. ಮೆಂಬರು ರಾತ್ರೋರಾತ್ರಿ ಧೀರನಾದ. ಅವ್ವ ಮತ್ತು ನಾನು ಅವನ ಮನೆಗೆ ಹೋದೆವು. ಅವ್ವ ಸೆರಗೊಡ್ಡಿ, "ಬುದ್ಧೀ, ನನ್ ಮಗನ ಟೋಪಿ ನೀವು ಈಸ್ಕೊಂಡ್ರಿ. ಅವನೂ ಚಳುವಳಿಯೋನೇ ಅಂತ ಒಂದು ಮಾತು ಏಳಿ, ಸಾಕು" ಅಂದಳು. ನೋಡೋಣ ತಾಯಿ ಎಂದು ಕಳಿಸಿದ. ಎರಡನೆಯ ಸಲ ಹೋದೆವು, ಸ್ನಾನ ಮಾಡುತ್ತಿದ್ದಾರೆ ಎಂದರು. ಮೂರನೆಯ ಸಲ ಹೊರಗೆ ಬಂದು, "ಯಾವ ಟೋಪಿ? ನಾನು ಹಾಕಿಕೊಂಡಿದ್ದು ನನ್ನ ಟೋಪಿ. ಡಿಪೋ ಒಡೆದವನ ಟೋಪಿ ಹಾಕಿಕೊಳ್ಳೋ ಗ್ರಹಚಾರ ನನಗೇನು ಬಂದಿದೆ?" ಅಂದ. ನನ್ನ ಅಣ್ಣನ ಕೈಯಿಂದ ಈಸಿಕೊಂಡ ಟೋಪಿ ಅವನ ಹಿಂದೆ ನಡುಮನೆಯ ಗೂಟಕ್ಕೆ ನೇತುಬಿದ್ದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದಳು. ಅವತ್ತು ಎಳೆದು ತರಬಾರದಿತ್ತು, ಅವ್ವಾ.

ಅಕ್ಟೋಬರಿನಲ್ಲಿ ರಾಜಿಯಾಯಿತು. ಚಳುವಳಿಯವರನ್ನೆಲ್ಲ ಬಿಟ್ಟರು. ಬೆಂಗಳೂರು ಜೈಲಿನಿಂದ ರೈಲಿನಲ್ಲಿ ಬಂದ ಅವರಿಗೆ ಮದ್ದೂರಿನಲ್ಲಿ ಹಾರ, ಹನಕೆರೆಯಲ್ಲಿ ಹಾರ, ಮಂಡ್ಯದಲ್ಲಂತೂ ಬ್ಯಾಂಡು. ಹಾರ ಹಾಕುತ್ತಿದ್ದವನು ಯಾರು? ಒಂದು ದಿನವೂ ಜೈಲು ನೋಡದ ಮೆಂಬರು. ಅಣ್ಣ ಮಾತ್ರ ಮೈಸೂರಿನ ಜೈಲಿನಲ್ಲಿ ಕಳ್ಳರ ಜೊತೆ ಕಲ್ಲು ಒಡೆಯುತ್ತಿದ್ದ.

ಅದೇ ವಾರ ಮಳವಳ್ಳಿಯಿಂದ ಹುಡುಗಿಯ ಅಪ್ಪ ಬಂದರು. ಒಳ್ಳೆಯ ಮನುಷ್ಯ, ಕೂತ ಕಡೆಯೇ ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು. "ನಂಗೆ ನಿಮ್ ಉಡುಗನ್ ಮ್ಯಾಲೆ ಅನುಮಾನ ಇಲ್ಲ ಕಣಮ್ಮ. ಆದ್ರೆ ನೆಂಟ್ರು ಸುಮ್ಕಿರ್ತಾರಾ? ಕಳ್ಳನ್ಗೆ ಎಣ್ಣು ಕೊಡ್ತಾ ಇದ್ದೀಯಾ ಅಂತಾವ್ರೆ. ದೀಪಾವಳಿ ಗಂಟ ಕಾಯ್ತೀನಿ. ಅಷ್ಟ್ರೊಳ್ಗೆ ಆ ಮೆಂಬರು ನಾಕ್ ಜನದ್ ಮುಂದೆ ಒಂದ್ ಮಾತು ಏಳ್ಲಿ, ಮದುವೆ ಆದಂಗೇ. ಇಲ್ದಿದ್ರೆ ನನ್ನ ಕೈ ಕಟ್ಟೋಯ್ತು."

ದೀಪಾವಳಿಗೆ ನಾಲ್ಕು ದಿನ ಇರುವಾಗ ಛತ್ರದಲ್ಲಿ ಸನ್ಮಾನದ ಸಭೆ ಇಟ್ಟರು. ಆ ಫೋಟೋವನ್ನು ಆಳುದ್ದಕ್ಕೆ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುವ ಏರ್ಪಾಟು. ನಾನು ಮಳವಳ್ಳಿಗೆ ಹೇಳಿಕಳಿಸಿ ಹುಡುಗಿಯ ಅಪ್ಪನನ್ನು ಕರೆಸಿದೆ. ನಾಲ್ಕು ಜನದ ಮುಂದೆ ಎದ್ದು ನಿಂತು ಕೇಳಿಯೇಬಿಡುತ್ತೇನೆ, ಹೇಗೆ ಇಲ್ಲ ಅನ್ನುತ್ತಾನೋ ನೋಡುತ್ತೇನೆ ಎಂದುಕೊಂಡಿದ್ದೆ.

ನಾನು ಏಳಬೇಕಾಗಲೇ ಇಲ್ಲ. ಸಭೆಗೆ ಮೇಜಿನ ಮೇಲೆ ಹಾಸಲು, ಫೋಟೋಕ್ಕೆ ಮುಚ್ಚಲು ಮಡಿ ಬಟ್ಟೆ ತಂದವಳು ನಮ್ಮ ಮಡಿವಾಳದಕ್ಕ. ಮುಚ್ಚಿದ ಬಟ್ಟೆ ನೆಲಕ್ಕೆ ಬಿದ್ದು ಕೊಳೆಯಾಗದಿರಲಿ ಎಂದು ಫೋಟೋದ ಪಕ್ಕದಲ್ಲೇ ನಿಂತಿದ್ದಳು. ಬಟ್ಟೆ ಸರಿಸಿದರು, ಜನ ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಮಸಿ ಹತ್ತಿದಂತೆ ಕಂಡಿದ್ದು ಆ ದೊಡ್ಡ ಫೋಟೋದಲ್ಲಿ, ಮೆಂಬರ ಕಿವಿಯ ಮೇಲೆ, ಟೋಪಿಯ ಪಟ್ಟಿಯಲ್ಲಿ ನಿಚ್ಚಳವಾಗಿತ್ತು. ಮೂರು ಚುಕ್ಕೆ, ಕೆಳಗೆ ಒಂದು ಗೀಟು.

"ಅಯ್ಯೋ ಸಿವ್ನೇ! ಇದು ಓಣಿ ಮನೆ ಗುರುತಲ್ವಾ!" ಅಂದಳು ಅವಳು. ಕೆರೆಯ ಈ ದಡದಿಂದ ಆ ದಡಕ್ಕೆ ಮಾತಾಡಿ ಅಭ್ಯಾಸವಾದ ಗಂಟಲು, ಛತ್ರಕ್ಕೆಲ್ಲ ಕೇಳಿತು. "ನನ್ ಕೈಯಾರೆ ಆಕಿದ್ದು ಕಣ್ರಪ್ಪಾ. ಬುದ್ಧೀ, ಆ ಮೆಕಾನಿಕ್ ಉಡುಗನ್ ಟೋಪಿ ನಿಮ್ ತಲೆ ಮ್ಯಾಲೆ ಎಂಗ್ ಬಂತು? ಅದೂ ಒಳಮಗ್ಗುಲಾಗಿ?"

ಯಾರೋ ಕಿಸಕ್ಕೆಂದರು. ನಾನು ಎದ್ದು, "ಹೇಳಿ ಬುದ್ಧೀ, ಯಾರ ಟೋಪಿ ಅದು? ಅದನ್ನ ನಿಮಗೆ ಕೊಟ್ಟೋನು ಎಲ್ಲವ್ನೆ ಈಗ?" ಎಂದು ಕೂಗಿದೆ. ಹುಡುಗಿಯ ಅಪ್ಪ ಮೆಂಬರ ಮುಖವನ್ನೇ ನೋಡುತ್ತಿದ್ದರು. ಒಂದು ಮಾತು. ಹೌದು ಅನ್ನುವ ಒಂದೇ ಒಂದು ಮಾತು ಬೇಕಿತ್ತು. ಅಷ್ಟು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮೆಂಬರು ನಕ್ಕ. ಎಂಥ ನಗು ಅಂತೀರಿ! "ಅಮ್ಮಾ, ನನ್ನ ಬಟ್ಟೆ ಒಗೆಯೋಳೂ ಇವಳೇ, ನಿಮ್ಮ ಬಟ್ಟೆ ಒಗೆಯೋಳೂ ಇವಳೇ. ಯಾರ ಗುರುತು ಯಾರ ಬಟ್ಟೆಗೆ ಹಾಕಿದ್ದಾಳೋ! ಅದಲು ಬದಲು ಮಾಡೋಳು ಇವಳು, ಜವಾಬು ಕೊಡೋನು ನಾನಾ?" ಅಂದ. ಛತ್ರ ಘೊಳ್ಳೆಂದು ನಕ್ಕಿತು. ನಮ್ಮ ಜನ ದೊಡ್ಡವರು ನಕ್ಕರೆ ಜೊತೆಗೆ ನಗುತ್ತಾರೆ, ಯಾಕೆ ಅಂತ ಮನೆಗೆ ಹೋದಮೇಲೂ ಕೇಳಿಕೊಳ್ಳುವುದಿಲ್ಲ. ಮಡಿವಾಳದಕ್ಕ ಬಟ್ಟೆ ಮಡಿಸಿಕೊಂಡು ಹೊರಟುಹೋದಳು. ಹುಡುಗಿಯ ಅಪ್ಪ ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ, "ಅವ್ರು ಒಪ್ಪಲಿಲ್ವಲ್ಲ ಮಗಾ, ನಾನೇನ್ ಮಾಡ್ಲಿ" ಎಂದು ಕಣ್ಣೊರೆಸಿಕೊಂಡರು. ಕಾರ್ತಿಕದಲ್ಲೇ ಆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು.

ಮುಂದಿನ ವಾರ ನಾನು ಛತ್ರದ ಮುಂದೆ ಹೋಗುವಾಗ ಒಳಗೆ ಇಣುಕಿದೆ. ಫೋಟೋದ ಟೋಪಿ ಹಾಲಿನಂತೆ ಬೆಳ್ಳಗಿತ್ತು. ಮೂರು ಚುಕ್ಕೆಯೂ ಇಲ್ಲ, ಗೀಟೂ ಇಲ್ಲ. ಸ್ಟುಡಿಯೋದವನನ್ನು ಕರೆಸಿ ಕುಂಚದಲ್ಲಿ ಬಿಳಿ ಬಳಿಸಿದ್ದರು. ಚೌಳಿಗೆ ಹೋಗದ ಗುರುತು ಕುಂಚಕ್ಕೆ ಹೋಗಿತ್ತು. ನಾನು ಅಲ್ಲೇ ಬಾಗಿಲಲ್ಲಿ ಕೂತು ಗೊಳೋ ಎಂದು ಅತ್ತೆ. ಸಿಟ್ಟಿಗೆ ಅತ್ತಿದ್ದು, ದುಃಖಕ್ಕಲ್ಲ.

ಫೋಟೋದ ಗುರುತು ಅಷ್ಟು ಸಲೀಸಾಗಿ ಹೋದದ್ದು ನೋಡಿ ಮೆಂಬರಿಗೆ ಧೈರ್ಯ ಬಂದಿರಬೇಕು. ಅಣ್ಣನ ಬಿಡುಗಡೆ ಹತ್ತಿರ ಬಂದಾಗ ಟೋಪಿಯದನ್ನೂ ತೆಗೆಸಿಬಿಡಬೇಕು ಅಂದುಕೊಂಡ. ಹುಟ್ಟಿದಂದಿನಿಂದ ಒಂದು ಕರವಸ್ತ್ರವನ್ನೂ ತಾನಾಗಿ ಹಿಂಡಿದವನಲ್ಲ, ಗೇರಿನ ಗುರುತು ಹೋಗುವುದಿಲ್ಲ ಅಂತ ಅವನಿಗೇನು ಗೊತ್ತು? ಹೊಸದಾಗಿ ಹೊಲಿಸಿದ್ದ ಟೋಪಿ, ಜುಬ್ಬ, ಹೊಸ ಪಂಚೆಗಳ ಗಂಟಿನ ಜೊತೆಗೆ ಅಣ್ಣನ ಟೋಪಿಯನ್ನೂ ಸೇರಿಸಿ ಮಡಿವಾಳದಕ್ಕನ ಮನೆಗೇ ಕಳಿಸಿದ. ಆ ಒಂದನ್ನು ಗುರುತು ಹೋಗುವ ತನಕ ಉಜ್ಜು, ಹೋದರೆ ಹೊಸ ಸೀರೆ ಕೊಡಿಸುತ್ತೇನೆ ಎಂದು ಆಳಿನ ಕೈಯಲ್ಲಿ ಹೇಳಿಕಳಿಸಿದನಂತೆ. ಇಡೀ ಊರಿನ ಮುಂದೆ ಅವಳ ಕಸುಬಿಗೆ ಮಸಿ ಬಳಿದು, ಅವಳಿಗೇ ಸೀರೆಯ ಆಸೆ ತೋರಿಸಿದ್ದ. ಸೊಕ್ಕಿಗೂ ಒಂದು ಮಿತಿ ಬೇಡವೇ?

ಅಣ್ಣ ಡಿಸೆಂಬರಿನ ಕೊನೆಯಲ್ಲಿ ಬಂದ. ಮೈ ಕರ್ರಗಾಗಿ, ಅಂಗೈ ಒಡೆದು ಹೋಗಿತ್ತು. ಹುಡುಗಿಯ ಸುದ್ದಿಯನ್ನು ಅವ್ವ ಹೇಳಿದಳು. ಹೂಂ ಅಂದ, ಅಷ್ಟೆ. ಸಾಹೇಬರು ಮನೆಗೇ ಬಂದು, "ಷೆಡ್ಡಲ್ಲಿ ನಿನ್ನ ಸ್ಪ್ಯಾನರ್ ಯಾರೂ ಮುಟ್ಟಿಲ್ಲ ಬೇಟಾ, ಯಾವತ್ತು ಬೇಕಾದರೂ ಬಾ" ಎಂದರು. ಅದಕ್ಕೂ ಹೂಂ ಅಂದ. ಓಣಿಯಲ್ಲಿ ನಡೆದರೆ ಹುಡುಗರು ಹಿಂದಿನಿಂದ "ಡಿಪೋ, ಡಿಪೋ" ಎಂದು ಕೂಗುತ್ತಿದ್ದರು. ಇಬ್ಬರನ್ನು ಹಿಡಿದು ಚೆನ್ನಾಗಿ ಬಾರಿಸಿದೆ. ಅವನು ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ.

ಅವನು ಬಂದ ಮೂರನೆಯ ದಿನ ಬೆಳಿಗ್ಗೆ ಮಡಿವಾಳದಕ್ಕ ಒಂದು ದೊಡ್ಡ ಗಂಟು ಹೊತ್ತು ತಂದು ನಮ್ಮ ಜಗಲಿಯ ಮೇಲೆ ಧೊಪ್ಪನೆ ಇಳಿಸಿದಳು. "ನಿಮ್ ಬಟ್ಟೆ ತಕಳ್ರವ್ವಾ" ಅಂದಳು.

"ನಾವ್ ಎಲ್ಲಿ ಇಷ್ಟೊಂದು ಬಟ್ಟೆ ಆಕಿದ್ವಕ್ಕಾ?" ಅಂದಳು ಅವ್ವ.

"ಗುರುತು ನೋಡವ್ವಾ. ನಿಮ್ದೇ ಅಲ್ವಾ?"

ಗಂಟು ಬಿಚ್ಚಿದೆ. ಗಂಜಿ ಹಾಕಿ ಮಡಿಸಿದ ಟೋಪಿಗಳು, ಜುಬ್ಬಗಳು, ಬೊಗಸೆಯಷ್ಟು ನಿರಿಗೆ ಹಿಡಿಯುವ ಪಂಚೆಗಳು. ಒಂದೊಂದನ್ನೂ ತಿರುವಿ ನೋಡಿದೆ. ಒಂದೊಂದರಲ್ಲೂ ಮೂರು ಚುಕ್ಕೆ, ಕೆಳಗೆ ಒಂದು ಗೀಟು, ಒಂದು ಟೋಪಿ ಬಿಟ್ಟರೆ ಮಿಕ್ಕದ್ದೆಲ್ಲ ಈಗಷ್ಟೇ ಹಾಕಿದ ಕಪ್ಪು. ಮಡಿವಾಳದಕ್ಕನ ಬೆರಳುಗಳು ಗೇರಿನ ರಸಕ್ಕೆ ಸುಟ್ಟು ಬೊಬ್ಬೆ ಎದ್ದಿದ್ದವು. "ನಾನು ಅದಲು ಬದಲು ಮಾಡೋಳು ಅಂದ್ನಲ್ಲ ಆವಯ್ಯ ಸಭೇಲಿ. ಮಾಡಿವ್ನಿ. ಏನ್ ಕಿತ್ಕತ್ತಾನೋ ಕಿತ್ಕಳ್ಳಿ" ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು ನನಗೆ.

ಮಧ್ಯಾಹ್ನಕ್ಕೆ ಮೆಂಬರ ಆಳು ಬಂದ. ಯಜಮಾನರ ಬಟ್ಟೆ ಇಲ್ಲಿಗೆ ಬಂದುಬಿಟ್ಟಿದೆಯಂತೆ, ಕೊಡಿ ಅಂದ. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ಜನ್ಮದಲ್ಲಿ ಮೊದಲ ಸಲ ನನ್ನ ಅವ್ವ ಎದೆ ಎತ್ತಿ ಮಾತಾಡಿದಳು. "ನಿಮ್ ಯಜಮಾನ್ರೇ ಬರ್ಲಿ ಕಣಪ್ಪಾ. ಈ ಓಣಿ ಜನದ್ ಮುಂದೆ ನಿಂತ್ಕೊಂಡು, ಈ ಒಂದ್ ಟೋಪಿ ಈ ಉಡುಗಂದು, ನಾನೇ ಈಸ್ಕೊಂಡಿದ್ದೆ, ಮಿಕ್ಕಿದ್ದು ನನ್ನವು ಅನ್ಲಿ. ಆಮ್ಯಾಕೆ ನಾನೇ ತಲೆ ಮ್ಯಾಲೆ ಒತ್ಕೊಂಡ್ ಬಂದು ಅವ್ರ ಮನೆಗೆ ಮಡಗ್ತೀನಿ."

ಆಳು ಹೋದ. ನಾವು ಕಾದೆವು. ಸ್ವಲ್ಪ ಹೊತ್ತಿಗೆ ಅದೇ ಆಳು ಒಬ್ಬನೇ ಬಂದ. "ಬಡವ್ರು, ಅವ್ರೇ ಮಡಿಕಳ್ಳಿ ಅಂದ್ರು ಬುದ್ಧಿಯೋರು" ಎಂದು ತಲೆ ತಗ್ಗಿಸಿಕೊಂಡು ಹೇಳಿದ. ಗಂಟುಗಟ್ಟಲೆ ಬಟ್ಟೆ ಬಿಟ್ಟುಕೊಟ್ಟ. ಒಂದು ಮಾತು ಬಿಟ್ಟುಕೊಡಲು ಆಗಲಿಲ್ಲ ಅವನಿಗೆ. ಅಷ್ಟು 'ಇಲ್ಲ' ಅಂದವನು ಕೊನೆಗೆ ಬಡವರಿಗೆ ದಾನ ಮಾಡಿದವನೂ ಆದ. ಥೂ ಅವನ ಜನ್ಮಕ್ಕೆ!

ಇಷ್ಟೂ ಹೊತ್ತು ಅಣ್ಣ ಒಳಗೆ ಗೋಡೆಗೆ ಒರಗಿ ಕೂತಿದ್ದ. ಈಗ ಹೊರಗೆ ಬಂದು ಗಂಟಿನ ಮುಂದೆ ಕುಕ್ಕರಿಸಿ ಒಂದೊಂದೇ ಟೋಪಿ ತೆಗೆದು ನೋಡಿದ. ತನ್ನದು ಸಿಕ್ಕಿತು. ಉಳಿದವುಗಳ ಗುರುತು ಹೊಸದು, ಅದರದು ಹಳೆಯದು, ಮತ್ತೆ ನನ್ನ ಅಂಕುಡೊಂಕು ಹೊಲಿಗೆ ಅವನಿಗೆ ಗೊತ್ತಿರದೆ ಇರುತ್ತದೆಯೇ? ಒಳಮಗ್ಗುಲು ಒಳಕ್ಕೆ ತಿರುವಿ, ಸರಿಯಾಗಿ ಮಡಿಕೆ ತೀಡಿ, ತಲೆಗೆ ಹಾಕಿಕೊಂಡ. "ಮಿಕ್ಕಿದ್ದು ಸೆಡ್ಡಿಗೆ ಕಳ್ಸವ್ವಾ, ಗ್ರೀಸ್ ಒರ್ಸಕ್ಕೆ ಆಯ್ತದೆ" ಎಂದು ಬೀದಿಗೆ ಇಳಿದ. ನಾನು ಹಿಂದೆಯೇ ಓಡಿದೆ.

ಅವನು ನೆಟ್ಟಗೆ ಪೊಲೀಸ್ ಸ್ಟೇಷನ್ನಿನ ಅಂಗಳಕ್ಕೆ ಹೋದ. ಅವತ್ತು ಜನರನ್ನು ಪಾಲು ಮಾಡಿದ ದಫೇದಾರ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅಣ್ಣ ಅವನ ಮುಂದೆ ನಿಂತ. ದೊಡ್ಡವರ ಮುಂದೆ ಯಾವಾಗಲೂ ಟವೆಲು ಕೈಗೆ ತೆಗೆದುಕೊಳ್ಳುತ್ತಿದ್ದವನು ಅವತ್ತು ತೆಗೆದುಕೊಳ್ಳಲಿಲ್ಲ.

"ಟೋಪಿ ತೋರ್ಸು ಅಂದಿದ್ರಿ ಸ್ವಾಮಿ" ಅಂದ. "ಸಿಕ್ತು. ಈಗ ಏಳಿ, ನಾನು ಯಾವ್ ಕಡೆ ನಿಂತ್ಕಳ್ಳಿ?"

ದಫೇದಾರ ಟೋಪಿಯನ್ನು ನೋಡಿದ, ಅವನ ಒಡೆದ ಅಂಗೈ ನೋಡಿದ. "ಎಲ್ಲಾ ಮುಗ್ದೋಯ್ತಲ್ಲಪ್ಪಾ, ಮನೆಗೋಗು" ಎಂದು ಬೀಡಿ ಬಿಸಾಕಿ ಒಳಕ್ಕೆ ಎದ್ದುಹೋದ. ಅಣ್ಣ ಹೋಗಲಿಲ್ಲ. ಬಾ ಎಂದು ನಾನು ಕೈ ಹಿಡಿದು ಎಳೆದರೂ ಬರಲಿಲ್ಲ. ಅಂಗಳದ ನಡುವೆ ಟೋಪಿ ಹಾಕಿಕೊಂಡು ಹೊತ್ತು ಮುಳುಗುವವರೆಗೂ ನಿಂತೇ ಇದ್ದ. ಯಾವ ಕಡೆ ಅಂತ ಯಾರೂ ಬಂದು ಹೇಳಲಿಲ್ಲ.